ಅಪ್ಪನ ಒಮ್ನಿಯ ಟಾಪ್ ಕತ್ತರಿಸಬೇಡಿ, ಮಾಡೋಕೆ ಬೇರೆ ಕೆಲಸ ಬೇಕಾದಷ್ಟಿದೆ

ಪ್ರಶ್ನೆ: ನಮ್ಮ ಊರು ಮಂಡ್ಯದ ಹತ್ತಿರ. ಮೈಸೂರಿನ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಕೆಲಸ ಮಾಡುತ್ತೇನೆ. ಅಪ್ಪ 2006ರಲ್ಲಿ ತಗೊಂಡ ಮಾರುತಿ ಒಮ್ನಿ ಮನೆಯಲ್ಲಿ ನಿಂತಿದೆ. ಸಂತೆಗೆ ತರಕಾರಿ ಹೊತ್ತ ಗಾಡಿ. ಮಾರಿ ಹಳೇ ಜೀಪ್ ತಗೋ ಅಂತ ಗೆಳೆಯರು ಹೇಳುತ್ತಾರೆ. ನನಗೆ ಎಲ್ಲರ ಹಾಗೆ ಮಾಡಲು ಇಷ್ಟ ಇಲ್ಲ. ಒಮ್ನಿಯ ಟಾಪ್ ಕತ್ತರಿಸಿ ಓಪನ್ ಮಾಡಬೇಕು, ದೊಡ್ಡ ಇಂಜಿನ್ ಕೂರಿಸಬೇಕು, ಚೆನ್ನಾಗಿ ತಗ್ಗಿಸಬೇಕು ಅಂತ ಆಸೆ. ಮಾವನಿಗೆ ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ವೆಲ್ಡಿಂಗ್ ಶಾಪ್ ಇದೆ. ಕೈಯಲ್ಲಿ ಒಂದೂವರೆ ಲಕ್ಷ ಇದೆ. ರಜೆ ಇದ್ದರೆ ಗಾಳ ಹಿಡಿದು ಕೆರೆ ಕಡೆ ಹೋಗುತ್ತೇನೆ, ಅದಕ್ಕೂ ಗಾಡಿ ಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಮ್ನಿ ಮಾರಬೇಡಿ. ಟಾಪ್ ಕತ್ತರಿಸಬೇಡಿ. ಬೇರೆ ಇಂಜಿನ್ ಕೂರಿಸಬೇಡಿ. ತಗ್ಗಿಸುವ ವಿಷಯ ಆಮೇಲೆ ಮಾತಾಡೋಣ.

ಇಷ್ಟು ಓದಿ, ಇವರೂ ಬೇಡ ಬೇಡ ಅನ್ನೋರೇ ಅಂತ ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಎಲ್ಲರ ಹಾಗೆ ಮಾಡಲು ಇಷ್ಟ ಇಲ್ಲ ಅಂತ ಬರೆದಿದ್ದೀರಿ. ಆದರೆ ನಿಮ್ಮ ಪಟ್ಟಿಯಲ್ಲಿ ಇರುವುದು ಎಲ್ಲರ ಪಟ್ಟಿಯೇ. ಮೇಟಗಳ್ಳಿಯ ನಮ್ಮ ಶೆಡ್ಡಿಗೆ ಬರುವ ಹುಡುಗರು ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ, ಗಾಡಿ ಮಾತ್ರ ಬೇರೆ ಬೇರೆ. ಒಂದು ಗುಂಪಿಗೆ ದೊಡ್ಡ ಅಲಾಯ್ ವೀಲು, ಪಟಾಕಿ ಹೊಡೆಯುವ ಸೈಲೆನ್ಸರ್ ಬೇಕು. ಇನ್ನೊಂದು ಗುಂಪು ಸಿಕ್ಕಿದ್ದನ್ನೆಲ್ಲ ಜೀಪ್ ಮಾಡುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪ್ ಕಟ್ಟುವ ಶೆಡ್ಡುಗಳೇ ಸಾಲಾಗಿ ಇವೆ, ಅಲ್ಲಿಂದ ತರಿಸಿಕೊಂಡು ಆಮೇಲೆ ಆರ್‌ಟಿಒ ಮುಂದೆ ತಲೆ ಕೆರೆದುಕೊಂಡು ನಿಲ್ಲುವವರೂ ಇದ್ದಾರೆ. ಮೂರನೇ ಗುಂಪು ಟಾಪ್ ಮೇಲೆ ಕ್ಯಾರಿಯರ್, ಏಣಿ, ಜೆರ್ರಿಕ್ಯಾನ್ ಎಲ್ಲ ಹೊತ್ತುಕೊಂಡು ಚಾಮುಂಡಿ ಬೆಟ್ಟದವರೆಗೆ ಹೋಗಿ ಟೀ ಕುಡಿದು ವಾಪಸ್ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ನಿಮ್ಮದು ಅಂತ ಇರುವುದು ಕೊನೆಯ ಸಾಲು. ಗಾಳ ಹಾಕೋಕೆ ಗಾಡಿ ಬೇಕು ಅನ್ನುವುದು. ಅದನ್ನು ಸುಮ್ನೆ ಬಾಲಕ್ಕೆ ಸೇರಿಸಿದ್ದೀರಿ, ನಾನು ಅದನ್ನೇ ತಲೆಗೆ ಇಡುತ್ತೇನೆ. ಬೆಳಗಿನ ಜಾವ ಎದ್ದು ಹೋಗಬೇಕು, ಕೆಲವು ಸಲ ಹಿಂದಿನ ರಾತ್ರಿಯೇ ಹೋಗಿ ಮಲಗಬೇಕು, ಉದ್ದ ಕೋಲುಗಳಿಗೆ ಜಾಗ ಬೇಕು, ಕೆಸರಿನ ಕಾಲಲ್ಲಿ ಹತ್ತಬೇಕು, ಮೀನಿನ ವಾಸನೆ ನೀರು ಹಾಕಿದರೆ ಹೋಗಬೇಕು. ವಾರದ ದಿನ ಅದೇ ಗಾಡಿ ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಓಡಬೇಕು. ಈ ಕೆಲಸಕ್ಕೆ ಅಂತಲೇ ಕಟ್ಟಿದ ಗಾಡಿ ನಮ್ಮ ಕಡೆ ಯಾರ ಹತ್ತಿರವೂ ನಾನು ನೋಡಿಲ್ಲ.

ಬೇರೆ ಥರದ ಗಾಡಿಗಳು ಹುಟ್ಟುವುದೇ ಹೀಗೆ. ಬ್ರೂಸ್ ಮೇಯರ್ಸ್ ಅಂತ ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1964ರಲ್ಲಿ ಒಂದು ಬಗ್ಗಿ ಕಟ್ಟಿದರು, ಹೆಸರು ಮೇಯರ್ಸ್ ಮ್ಯಾಂಕ್ಸ್. ಅವರಿಗೆ ಕಡಲ ತೀರದ ಮರಳಿನಲ್ಲಿ ಓಡಿಸಲು ಗಾಡಿ ಬೇಕಿತ್ತು. ಕೈಗೆ ಗೊತ್ತಿದ್ದ ಕೆಲಸ ದೋಣಿ ಕಟ್ಟುವ ಫೈಬರ್‌ಗ್ಲಾಸ್. ಸಸ್ತಾ ಸಿಗುತ್ತಿದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್, ಅದರ ಇಂಜಿನ್ ಹಿಂದೆ ಇದ್ದುದರಿಂದ ಮರಳಲ್ಲಿ ಹಿಡಿತ ಚೆನ್ನಾಗಿತ್ತು. ಈ ಮೂರನ್ನೂ ಸೇರಿಸಿದರು. ಪ್ರಪಂಚದಲ್ಲೆಲ್ಲ ಅದನ್ನು ನಕಲು ಮಾಡಿದರು, ಮರಳೇ ಇಲ್ಲದ ಊರಿನಲ್ಲೂ ಕೂಡ. ನಕಲು ಮಾಡಿದವರ ಹೆಸರು ನಮಗೆ ಗೊತ್ತಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ 1980ರ ದಶಕದಲ್ಲಿ ಸಿಪಾನಿ ಡಾಲ್ಫಿನ್ ಅಂತ ಫೈಬರ್ ಬಾಡಿ ಕಾರು ತಯಾರಾಗುತ್ತಿತ್ತು. ಬ್ರಿಟನ್ನಿನ ರಿಲಯಂಟ್ ಕಂಪನಿಯ ವಿನ್ಯಾಸ, 848 ಸಿಸಿ ಇಂಜಿನ್, ಎರಡೇ ಬಾಗಿಲು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಡಾಲ್ಫಿನ್ ಮೂಲೆಗೆ ಸೇರಿತು. ಈಗ ಒಂದು ಡಾಲ್ಫಿನ್ ರಸ್ತೆಗೆ ಬಂದರೆ ಬೆಂಜ್ ಬಿಟ್ಟು ಅದನ್ನೇ ನೋಡುತ್ತಾರೆ.

ಈಗ ನಿಮ್ಮ ಹತ್ತಿರ ಏನಿದೆ ನೋಡೋಣ. ಒಮ್ನಿ ಅಂದರೆ ಸಿನಿಮಾದಲ್ಲಿ ಹುಡುಗಿಯನ್ನು ಎತ್ತಿಹಾಕಿಕೊಂಡು ಹೋಗುವ ಗಾಡಿ ಅಂತ ಎಲ್ಲರೂ ನಗುತ್ತಾರೆ. ನಗಲಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದದ್ದು, 2019ರವರೆಗೆ ತಯಾರಾಗುತ್ತಿತ್ತು. 796 ಸಿಸಿ, ಮೂರು ಸಿಲಿಂಡರ್, 35 ಹಾರ್ಸ್‌ಪವರ್ ಆಸುಪಾಸು. ತೂಕ 800 ಕೆ.ಜಿ.ಗೂ ಸ್ವಲ್ಪ ಕಮ್ಮಿ. ಇಂಜಿನ್ ಮುಂದಿನ ಸೀಟಿನ ಕೆಳಗೆ, ಓಟ ಹಿಂದಿನ ಚಕ್ರಕ್ಕೆ. ಇಂಜಿನ್ ಮಧ್ಯದಲ್ಲಿದ್ದು ಹಿಂದಿನ ಚಕ್ರ ತಿರುಗುವ ಕಾರು ಬೇಕು ಅಂದರೆ ಬೇರೆ ಕಂಪನಿಯವರು ಕೋಟಿ ಕೇಳುತ್ತಾರೆ, ಅಲ್ವಾ? ಹಿಂದೆ ಚಪ್ಪಟೆ ನೆಲ, ಎರಡು ಕಡೆ ಜಾರುವ ಬಾಗಿಲು. ಇಕ್ಕಟ್ಟಾದ ಕೆರೆ ಏರಿಯ ಮೇಲೆ ನಿಲ್ಲಿಸಿ ಬಾಗಿಲು ತೆಗೆದರೆ ಎದುರು ಬರುವ ಎತ್ತಿನಗಾಡಿಗೆ ತಗಲುವುದಿಲ್ಲ. ಬಿಡಿಭಾಗ ಮಂಡ್ಯದಲ್ಲೇ ಸಿಗುತ್ತದೆ, ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಶಿವಾಜಿನಗರದ ಗುಜರಿ ಇದೆ.

ಟಾಪ್ ಯಾಕೆ ಕತ್ತರಿಸಬಾರದು ಅಂದರೆ, ನಿಮ್ಮ ಮಾವ ಕಟ್ಟುವ ಟ್ರೈಲರಿನ ಹಾಗೆ ಇದಕ್ಕೆ ಬೇರೆ ಚಾಸಿ ಇಲ್ಲ. ಟ್ರೈಲರಿನಲ್ಲಿ ಕೆಳಗೆ ಚಾನೆಲ್ ಇರುತ್ತದೆ, ಮೇಲಿನ ಡಬ್ಬ ತೆಗೆದರೂ ಗಾಡಿ ನಿಲ್ಲುತ್ತದೆ. ಹಳೇ ಜೀಪು, ಜಿಪ್ಸಿ ಕೂಡ ಹಾಗೇ. ಒಮ್ನಿಯಲ್ಲಿ ನೆಲ, ಪಕ್ಕದ ತಗಡು, ಕಂಬ, ಟಾಪ್ ಎಲ್ಲ ಸೇರಿಯೇ ಒಂದು ಪೆಟ್ಟಿಗೆ. ಅದರಲ್ಲೂ ಎರಡು ಕಡೆ ಅಷ್ಟಗಲ ಬಾಗಿಲಿನ ಬಾಯಿ ಇದೆ, ಹಾಗಾಗಿ ಟಾಪಿನ ಮೇಲೆ ಜವಾಬ್ದಾರಿ ಇನ್ನೂ ಜಾಸ್ತಿ. ಟಾಪ್ ಕತ್ತರಿಸಿದ ದಿನ ಎರಡು ಬಾಗಿಲೂ ಸರಿಯಾಗಿಯೇ ಮುಚ್ಚಿ ತೆಗೆಯುತ್ತವೆ. ಸ್ವಲ್ಪ ದಿನ ಹಳ್ಳದಲ್ಲಿ ಓಡಿಸಿ, ಮಧ್ಯೆ ನೆಲ ಬಗ್ಗುತ್ತದೆ, ಜಾರುವ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಸರಿ ಮಾಡಲು ಕೆಳಗೆ ಚಾನೆಲ್ ಹೊಡೆಯುತ್ತೀರಿ, ತೂಕ ಏರುತ್ತದೆ, ಬ್ರೇಕ್ ಸಾಲುವುದಿಲ್ಲ. ಮಗುಚಿದರೆ ತಲೆಗೆ ಏನೂ ಇಲ್ಲ. ಮುಂದೆ ಮೊದಲೇ ಬಾನೆಟ್ ಇಲ್ಲದ ಗಾಡಿ, ಗುದ್ದಿದರೆ ಮೊದಲು ಸಿಗುವುದು ನಿಮ್ಮ ಕಾಲು.

ಇದರ ಜೊತೆಗೆ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೀಗೆ ಬದಲಾಯಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ಪರೀಕ್ಷೆಗೆ ಒಯ್ದು, ಪಾಸಾದರೆ ನಂಬರ್ ತಗೊಳ್ಳಬಹುದು. ನಮ್ಮಲ್ಲಿ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಕಂಪನಿಗಳು ಮಾದರಿ ಗಾಡಿ ಪರೀಕ್ಷೆ ಮಾಡಿಸುವ ದಾರಿ ಇದೆ, ಆ ಖರ್ಚು ನಿಮ್ಮ ನಮ್ಮ ಕೈಗೆ ಎಟುಕುವುದಲ್ಲ. ಇದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೈ ಪಳಗಿದ ಹುಡುಗರಿಗೆ ಒಂದು ಬಾಗಿಲು ಬೇಕಿತ್ತು. ಆದರೆ ಅಭಿಪ್ರಾಯ ತೋರಿಸಿದರೆ ಇನ್ಸ್‌ಪೆಕ್ಟರು ಬಿಡುವುದಿಲ್ಲ.

ಮಾಡಬಹುದಾದದ್ದೂ ಇದೆ. ಬಣ್ಣ ಬದಲಾಯಿಸಬಹುದು, ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಹಾಕಿಸಿಕೊಳ್ಳಬೇಕು. ಅನುಮತಿ ಪಡೆದ ಗ್ಯಾಸ್ ಕಿಟ್ ಹಾಕಿಸಬಹುದು. ಒಳಗಡೆ ಬಿಚ್ಚಿ ಹಾಕುವಂತೆ ಮಾಡುವ ಕೆಲಸ, ಶಬ್ದ ಮತ್ತು ಶಾಖ ತಡೆಯುವ ಕೆಲಸ, ಅದೇ ಅಳತೆಯ ಒಳ್ಳೆಯ ಟೈರು, ಇವಕ್ಕೆಲ್ಲ ಯಾರೂ ಏನೂ ಅನ್ನುವುದಿಲ್ಲ. ನಿಮ್ಮದು 2006ರ ಗಾಡಿ, 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಆಗ ಗಾಡಿಯನ್ನೂ ಆರ್‌ಸಿಯನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತಾರೆ. ಮೊದಲು ಆರ್‌ಸಿ ಇನ್ನೂ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.

ಇಂಜಿನ್ ವಿಷಯ ಬೇಗ ಮುಗಿಸುತ್ತೇನೆ. ದೊಡ್ಡ ಇಂಜಿನ್ ಅಂದರೆ ಬರೀ ಇಂಜಿನ್ ಅಲ್ಲ. ಗೇರ್‌ಬಾಕ್ಸ್ ಇಂಜಿನ್ನಿಗೆ ಸೇರುವ ಬೆಲ್ ಹೌಸಿಂಗಿನ ಬೋಲ್ಟು ಕೂರಬೇಕು, ಕ್ಲಚ್ ಪ್ಲೇಟಿನ ಹಲ್ಲು ಹೊಂದಬೇಕು, ಕೆಳಗಿನ ಆಯಿಲ್ ಸಂಪು ಎಲ್ಲೂ ತಾಗಬಾರದು, ರೇಡಿಯೇಟರ್ ಸಾಲಬೇಕು. ಇದೆಲ್ಲ ಲೇತಿನವರಾದ ನಿಮಗೆ ಆಸೆ ಹುಟ್ಟಿಸುತ್ತದೆ ಅಂತ ಗೊತ್ತು. ಆದರೆ ಹಿಂದಿನ ಆಕ್ಸಲು, ಪ್ರೊಪೆಲ್ಲರ್ ಶಾಫ್ಟು, ಬ್ರೇಕು ಎಲ್ಲ 35 ಹಾರ್ಸ್‌ಪವರ್‌ಗೆ ಮಾಡಿದ್ದು. ಇರುವ ಇಂಜಿನ್ನನ್ನೇ ನೆಟ್ಟಗೆ ಮಾಡಿ. ಕಂಪ್ರೆಶನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ ಅಳೆದು ನೋಡಿ, ಮೂರೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇರಬೇಕು. ಟ್ಯಾಪೆಟ್ ಹೊಂದಿಸಿ, ಪ್ಲಗ್ಗು, ಏರ್ ಫಿಲ್ಟರ್ ಬದಲಾಯಿಸಿ. ನಿಂತ ಗಾಡಿ ಅಲ್ವಾ, ಟೈಮಿಂಗ್ ಬೆಲ್ಟು ನೋಡಲು ಚೆನ್ನಾಗಿದ್ದರೂ ಹೊಸದು ಹಾಕಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ.

ನಿಮ್ಮ ಹಣ, ಸಮಯ ಎರಡೂ ಹೋಗಬೇಕಾದ ಜಾಗ ತುಕ್ಕು. ತರಕಾರಿ ಹೊತ್ತ ಒಮ್ನಿ ಅಂದಿರಿ. ಒದ್ದೆ ಸೊಪ್ಪು, ಮಣ್ಣು ಹತ್ತಿದ ಗೆಡ್ಡೆ, ಮೂಟೆಯಿಂದ ಸೋರಿದ ನೀರು ಎಲ್ಲ ಮ್ಯಾಟಿನ ಕೆಳಗೆ ಹೋಗಿ ಕೂತಿರುತ್ತದೆ. ಸೀಟು, ಮ್ಯಾಟು ಎಲ್ಲ ಬಿಚ್ಚಿ ಗಾಡಿಯನ್ನು ಬರೀ ತಗಡಿಗೆ ತನ್ನಿ. ಒಂದು ಸ್ಕ್ರೂಡ್ರೈವರ್ ಹಿಡಿದು ಜಾರುವ ಬಾಗಿಲಿನ ಕೆಳ ಹಳಿಯಲ್ಲಿ ಚುಚ್ಚುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಬುಸ್ ಅಂತ ಒಳಗೆ ಹೋದರೆ ಅಲ್ಲಿ ಬಣ್ಣ ಮಾತ್ರ ಉಳಿದಿದೆ ಅಂತ. ಆಮೇಲೆ ಬಾಗಿಲಿನ ತಳ. ಅಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಮಣ್ಣು ತುಂಬಿ ಮುಚ್ಚಿರುತ್ತವೆ. ಬಾಗಿಲು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಶಬ್ದ ಬಂದ ಗಾಡಿಗಳೂ ನಮ್ಮಲ್ಲಿಗೆ ಬಂದಿವೆ. ಮುಂದಿನ ಚಕ್ರದ ಮೇಲಿನ ಕಮಾನು, ಡ್ರೈವರ್ ಕಾಲಿಡುವ ಜಾಗ, ಸೀಟ್ ಬೆಲ್ಟ್ ಬೋಲ್ಟು ಕೂರುವ ಜಾಗ, ಹಿಂದಿನ ಸ್ಪ್ರಿಂಗ್ ನೇತಾಡುವ ಬ್ರಾಕೆಟ್ಟು, ಇವನ್ನು ಬಿಡಬೇಡಿ. ಕೊನೆಯ ಎರಡರಲ್ಲಿ ತುಕ್ಕು ಆಳಕ್ಕೆ ಹೋಗಿದ್ದರೆ ಅಲ್ಲಿಗೇ ನಿಲ್ಲಿಸಿ ಬಾಡಿ ಕೆಲಸ ಬಲ್ಲವರಿಗೆ ತೋರಿಸಿ.

ಟಿಂಕರಿಂಗ್ ಅಂಗಡಿಗೆ ಕೊಟ್ಟರೆ ಕೆಲವರು ಮೇಲೆ ತಗಡಿನ ತೇಪೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಡುತ್ತಾರೆ. ಒಂದು ಮಳೆಗಾಲ ಕಳೆದರೆ ಗುಳ್ಳೆ ಏಳುತ್ತದೆ. ನೀವೇ ಮಾಡುವುದಾದರೆ ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಕತ್ತರಿಸಿ ತೆಗೆಯಿರಿ, ಅದೇ ದಪ್ಪದ, ಅಂದರೆ 20 ಗೇಜ್ ಆಸುಪಾಸಿನ ತಗಡನ್ನು ಅಂಚಿಗೆ ಅಂಚು ಕೂರಿಸಿ. ಇಲ್ಲಿ ಮಾವನ ಆರ್ಕ್ ವೆಲ್ಡಿಂಗ್ ನಡೆಯುವುದಿಲ್ಲ, ಅವರಿಗೆ ಬೇಜಾರಾದರೂ ಹೇಳಲೇಬೇಕು. ಟ್ರೈಲರಿನ ದಪ್ಪ ತಗಡಿಗೆ ಪಳಗಿದ ಕೈ, ಒಂದು ಮಿಲಿಮೀಟರಿಗೂ ತೆಳುವಾದ ತಗಡಿಗೆ ಕಡ್ಡಿ ಮುಟ್ಟಿಸಿದರೆ ತೂತೇ. ತಂತಿ ತಾನಾಗೇ ಬರುವ ಮಿಗ್ ವೆಲ್ಡಿಂಗ್ ಮಷೀನು, 0.8 ಮಿಲಿಮೀಟರ್ ತಂತಿಯದು, ಬಾಡಿಗೆಗೋ ಪರಿಚಯದ ಶಾಪಿನಲ್ಲೋ ಸಿಗುತ್ತದೆ. ಉದ್ದಕ್ಕೆ ಎಳೆಯಬೇಡಿ. ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ, ಅದು ತಣ್ಣಗಾಗುವಷ್ಟರಲ್ಲಿ ಇನ್ನೊಂದು ಮೂಲೆ. ಹಾಗೆ ಮಾಡಿದರೆ ತಗಡು ಸೊಟ್ಟ ಆಗುವುದಿಲ್ಲ. ಗುಜರಿಯಿಂದ ಹಳೇ ಬಾಗಿಲೊಂದು ತಂದು ಅದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ. ವೆಲ್ಡಿಂಗ್ ಮೊದಲು ಬ್ಯಾಟರಿ ಬಿಚ್ಚಿ, ನಿಮ್ಮದು ಕಾರ್ಬುರೇಟರ್ ಇಲ್ಲದ ಎಂಪಿಎಫ್‌ಐ ಆಗಿದ್ದರೆ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಅಂದರೆ ಇಸಿಯುವಿನ ಸಾಕೆಟ್ಟೂ ಬಿಚ್ಚಿ, ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಡಿ. ಪಕ್ಕದಲ್ಲಿ ಒಬ್ಬರು ನೀರು, ಮರಳು ಹಿಡಿದು ನಿಂತಿರಲಿ. ಮುಗಿದ ಮೇಲೆ ಜಿಂಕ್ ಪ್ರೈಮರ್, ಸೀಲರ್, ಒಳ ಪೊಳ್ಳುಗಳಿಗೆ ಆಂಟಿ ರಸ್ಟ್. ನೀರಿನ ತೂತು ಮಾತ್ರ ಮುಚ್ಚಬೇಡಿ.

ಬ್ರೇಕ್ ಇದರ ಜೊತೆಜೊತೆಗೇ. ನಿಂತ ಗಾಡಿಯ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ, ಹಿಂದಿನ ವೀಲ್ ಸಿಲಿಂಡರ್ ಹಿಡಿದಿರುತ್ತದೆ ಇಲ್ಲಾ ಸೋರುತ್ತಿರುತ್ತದೆ. ರಬ್ಬರ್ ಹೋಸುಗಳು, ಸಿಲಿಂಡರ್ ಕಿಟ್ಟು, ಶೂ, ಪ್ಯಾಡು, ಆಯಿಲು ಎಲ್ಲ ಹೊಸದು ಹಾಕಿ. ಆಮೇಲೆ ಖಾಲಿ ಜಾಗದಲ್ಲಿ 30ರ ವೇಗದಲ್ಲಿ ಒತ್ತಿ ನೋಡಿ. ಖಾಲಿ ಒಮ್ನಿಯ ಹಿಂಭಾಗ ಹಗುರ, ಹಿಂದಿನ ಚಕ್ರ ಮೊದಲು ಜಾಮ್ ಆದರೆ ಮಳೆಯಲ್ಲಿ ಗಾಡಿ ಗಿರಕಿ ಹೊಡೆಯುತ್ತದೆ. ಹಾಗಾದರೆ ಹೊಂದಿಸದೆ ರಸ್ತೆಗೆ ಇಳಿಸಬೇಡಿ.

ಟೈರಿಗೆ ಬಂದರೆ, ಒಮ್ನಿಯದು 145 ಅಳತೆಯ 12 ಇಂಚಿನ ಟೈರು, ಎತ್ತರ ಸುಮಾರು 54 ಸೆಂಟಿಮೀಟರ್. ಎಲ್ಲರೂ 13 ಇಂಚಿಗೆ ಹಾರುತ್ತಾರೆ. 155/80 ಆರ್ 13 ಹಾಕಿದರೆ ಎತ್ತರ 58ರ ಹತ್ತಿರ ಹೋಗುತ್ತದೆ. ಮೀಟರು 60 ತೋರಿಸುವಾಗ ನೀವು 64ರಲ್ಲಿ ಇರುತ್ತೀರಿ, ಮೊದಲೇ ಸುಸ್ತಾದ ಇಂಜಿನ್ನಿಗೆ ಪ್ರತಿ ಗೇರೂ ಭಾರ, ಗಾಡಿಯ ಎತ್ತರವೂ ಏರುತ್ತದೆ. ಮೂಲ ಅಳತೆಯಲ್ಲೇ ಇರಿ. ಟೈರ್ ಪಕ್ಕದಲ್ಲಿ ಭಾರದ ನಂಬರ್ ಇರುತ್ತದೆ, ಹಳೆಯದಕ್ಕಿಂತ ಕಮ್ಮಿ ಇರಬಾರದು. ನೀವು ಲೇತಿನವರು, ವೀಲ್ ಸ್ಪೇಸರ್ ತಿರುಗಿಸುವ ಆಸೆ ಬರುತ್ತದೆ. ಬೇಡ. ಬೇರಿಂಗ್ ಮೇಲೆ, ಸ್ಟಡ್ ಮೇಲೆ ಭಾರ ಬೀಳುತ್ತದೆ. ಸ್ಟೇರಿಂಗ್, ಬ್ರೇಕ್, ಸಸ್ಪೆನ್ಶನ್ ಇವಕ್ಕೆ ಮನೆಯ ಲೇತು, ಮನೆಯ ವೆಲ್ಡಿಂಗ್ ತೋರಿಸಲೇಬಾರದು.

ತಗ್ಗಿಸುವ ವಿಷಯ. ಹಿಂದೆ ಇರುವುದು ಪ್ಲೇಟ್ ಸ್ಪ್ರಿಂಗು. ಜನ ಒಂದು ಪ್ಲೇಟ್ ತೆಗೆದು ತಗ್ಗಿಸುತ್ತಾರೆ. ತಗ್ಗುವುದೇನೋ ತಗ್ಗುತ್ತದೆ, ಆದರೆ ಮೂವರು ಕೂತು ಸಾಮಾನು ಹಾಕಿದರೆ ಹಿಂದೆ ನೆಲಕ್ಕೆ ಕುಕ್ಕುತ್ತದೆ. ಮುಂದೆ ಸ್ಪ್ರಿಂಗ್ ಕತ್ತರಿಸಿದರೆ ಇನ್ನೂ ಅಪಾಯ. ಮತ್ತೆ ನೀವು ಹೋಗುವುದು ಕೆರೆ ಏರಿಗೆ, ಕಬ್ಬಿನ ಗದ್ದೆಯ ಗಾಡಿ ಜಾಡಿಗೆ. ತಗ್ಗಿಸಿ ಏನು ಮಾಡುತ್ತೀರಿ? ಗಾಡಿ ತೂಗಾಡುವುದೇ ತೊಂದರೆ ಆದರೆ ನಾಲ್ಕೂ ಶಾಕಪ್ಸು ಹೊಸದು ಹಾಕಿ, ಪ್ಲೇಟಿನ ಬುಶ್ಶು ಬದಲಾಯಿಸಿ, ಟಾಪ್ ಮೇಲೆ ಏನೂ ಹೇರಬೇಡಿ. ಅರ್ಧ ತೂಗಾಟ ಅಲ್ಲೇ ಹೋಗುತ್ತದೆ. ಹೊಸ ಹೈವೇಯಲ್ಲಿ ಬಸ್ಸು, ಲಾರಿ ದಾಟಿ ಹೋದಾಗ ಗಾಳಿ ಈ ಚಪ್ಪಟೆ ಮೈಯನ್ನು ತಳ್ಳುತ್ತದೆ, ಅದಕ್ಕೆ ಮದ್ದಿಲ್ಲ. ನಾನಾಗಿದ್ದರೆ ಶ್ರೀರಂಗಪಟ್ಟಣದ ಮೇಲೆ ಹಳೇ ರಸ್ತೆಯಲ್ಲಿ ನಿಧಾನಕ್ಕೆ ಬರುತ್ತೇನೆ.

ಇನ್ನು ನನಗೆ ತುಂಬ ಇಷ್ಟವಾದ ಕೆಲಸಕ್ಕೆ ಬರುತ್ತೇನೆ. ಒಮ್ನಿ ಓಡಿಸಿದವರಿಗೆಲ್ಲ ಗೊತ್ತು, ಬೇಸಿಗೆಯಲ್ಲಿ ಮದ್ದೂರು ದಾಟುವಷ್ಟರಲ್ಲಿ ಸೀಟಿನ ಕೆಳಗೆ ಒಲೆ ಹಚ್ಚಿದ ಹಾಗೆ. ಕಂಪನಿ ಇದನ್ನು ಹಾಗೇ ಬಿಟ್ಟಿತು, ಯಾರೂ ಇದರ ಮೇಲೆ ಕೈ ಇಡುವುದಿಲ್ಲ, ಯಾಕೆಂದರೆ ಫೋಟೋದಲ್ಲಿ ಕಾಣುವುದಿಲ್ಲ. ಸೀಟು ಎತ್ತಿ ಇಂಜಿನ್ ಮುಚ್ಚಳ ನೋಡಿ. ಸುತ್ತಲಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಒಡೆದಿರುತ್ತದೆ. ಮುಚ್ಚಳದ ಅಂಚಿಗೆ ಸೀಮೆಸುಣ್ಣ ಬಳಿದು ಹಾಕಿ, ಮತ್ತೆ ತೆಗೆಯಿರಿ. ಬೀಡಿಂಗಿನ ಮೇಲೆ ಎಲ್ಲಿ ಬಿಳಿ ಗುರುತು ಮೂಡಿಲ್ಲವೋ ಅಲ್ಲಿ ಸಂದಿ ಇದೆ. ಆ ಸಂದಿಯಿಂದ ಶಾಖ, ಶಬ್ದ ಮಾತ್ರ ಅಲ್ಲ, ಹೊಗೆಯೂ ಬರುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಜೋಡಣೆಯಲ್ಲಿ ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ, ಮೊದಲು ಅದನ್ನು ಹಾಕಿ. ಹೊಸ ಬೀಡಿಂಗ್ ಕೂರಿಸಿ. ಮುಚ್ಚಳದ ಒಳಗೆ ಅಲ್ಯುಮಿನಿಯಂ ಹಾಳೆ ಅಂಟಿದ ಗ್ಲಾಸ್‌ವೂಲ್ ಹಾಳೆ, ಅಂಟಿನ ಜೊತೆಗೆ ನಾಲ್ಕು ಮೂಲೆಗೆ ವಾಷರ್, ಸ್ಕ್ರೂ ಕೂಡ. ಬರೀ ಅಂಟು ಬಿಸಿಗೆ ಬಿಟ್ಟು ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಸೋಫಾ ಅಂಗಡಿಯ ಸ್ಪಂಜು ಮಾತ್ರ ಅಲ್ಲಿಗೆ ಹತ್ತಿರವೂ ತರಬೇಡಿ, ಹತ್ತಿಕೊಳ್ಳುತ್ತದೆ. ಮುಚ್ಚಳದ ಮೇಲ್ಭಾಗಕ್ಕೂ ನೆಲಕ್ಕೂ ಅದುರು ತಡೆಯುವ ಬ್ಯೂಟೈಲ್ ರಬ್ಬರ್ ಹಾಳೆ ಹಾಕಿದರೆ ಗಡಗಡ ಇಳಿಯುತ್ತದೆ. ಇಷ್ಟು ಮಾಡಿದ ಒಮ್ನಿಯಲ್ಲಿ ಪಕ್ಕದವರ ಜೊತೆ ಕೂಗದೆ ಮಾತಾಡಬಹುದು.

ಹಿಂದಿನ ಭಾಗ ಪೂರ್ತಿ ನಿಮ್ಮದು. ಹಿಂದಿನ ಸೀಟು ಕಿತ್ತು ಬಿಸಾಕಬೇಡಿ, ಆರ್‌ಸಿಯಲ್ಲಿ ಎಷ್ಟು ಸೀಟು ಇದೆಯೋ ಅಷ್ಟು ಗಾಡಿಯಲ್ಲಿ ಇರಲಿ. ಸೀಟು ಮಡಚಿ ಅದರ ಮೇಲೆ ಬರುವ ಹಲಗೆ ಮಾಡಿ. ನೀವೇ ಒಳಗೆ ಮಲಗಿ ಅಳತೆ ತಗೊಳ್ಳಿ, ತಲೆ ಹಿಂದಿನ ಬಾಗಿಲಿನ ಕಡೆ ಇದ್ದರೆ ಗಾಳಿ ಆಡುತ್ತದೆ. ಹಲಗೆಯ ಕೆಳಗೆ ಉದ್ದಕ್ಕೆ ಪಿವಿಸಿ ಪೈಪು ಕಟ್ಟಿದರೆ ಗಾಳದ ಕೋಲು ಒಂದೊಂದಕ್ಕೂ ಮನೆ ಆಯಿತು. ಒದ್ದೆ ಸಾಮಾನಿಗೆ ಒಂದು ಟ್ರೇ, ಎತ್ತಿ ಹೊರಗೆ ತೊಳೆಯುವಂತೆ.

ಮಾವ ಮತ್ತೆ ಇಲ್ಲಿ ಬರುತ್ತಾರೆ. "ಭದ್ರವಾಗಿರಲಿ ಕಣಪ್ಪಾ" ಅಂತ 40ರ ಆಂಗಲ್, ಅಂದರೆ ಎಲ್ ಆಕಾರದ ಕಬ್ಬಿಣ, ತೆಗೆದೇ ತೆಗೆಯುತ್ತಾರೆ. 40 x 40 x 5 ಆಂಗಲ್ ಮೀಟರಿಗೆ 3 ಕೆ.ಜಿ. 25 x 25, 16 ಗೇಜ್ ಚೌಕ ಪೈಪು ಮೀಟರಿಗೆ 1.2 ಕೆ.ಜಿ. ಹತ್ತು ಮೀಟರ್ ಹಿಡಿದರೆ ಹದಿನೆಂಟು ಕೆ.ಜಿ. ವ್ಯತ್ಯಾಸ, 35 ಹಾರ್ಸ್‌ಪವರ್ ಗಾಡಿಗೆ ಇದು ಸಣ್ಣದಲ್ಲ. ಮಲಗಲು ಚೌಕ ಪೈಪು ಧಾರಾಳ ಸಾಕು. ಫ್ರೇಮನ್ನು ಗಾಡಿಗೆ ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ. ಗಟ್ಟಿಯಾಗಿ ಹಾಕಿ, ಯಾಕೆಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಅದು ನಿಮ್ಮ ಬೆನ್ನಿಗೆ ಬರುತ್ತದೆ.

ಲೇತಿನ ಆಸೆ ತೀರಿಸಿಕೊಳ್ಳಲು ಜಾರುವ ಬಾಗಿಲಿದೆ. ಅದರ ರೋಲರ್ ಸವೆದು ಬಾಗಿಲು ಜೋತುಬಿದ್ದಿರುತ್ತದೆ, ಎತ್ತಿ ತಳ್ಳಬೇಕು. ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಆದರೆ ನೈಲಾನ್ ರಾಡಿನಿಂದ ನೀವೇ ತಿರುಗಿಸಿ, ಒಳಗೆ ಸಣ್ಣ ಬೇರಿಂಗ್ ಒತ್ತಿ ಕೂರಿಸಿ ನೋಡಿ, ಹಳಿ ತೊಳೆದು ಹಾಕಿದರೆ ಬಾಗಿಲು ಒಂದು ಬೆರಳಿಗೆ ಬರುತ್ತದೆ. ಗೇರ್ ನಾಬು, ಹಲಗೆಯ ಕೀಲು, ಕಿಟಕಿ ಹಿಡಿ, ದೀಪದ ಹಿಡಿ ಎಲ್ಲ ಹಿತ್ತಾಳೆಯಲ್ಲಿ ತಿರುಗಿಸಿ. ನಿಮ್ಮ ಫ್ಯಾಕ್ಟರಿಯ ಚೂರುಪಾರು ರಾಡು ಕೇಳಿ ತಗೊಂಡರೆ ಖರ್ಚೂ ಇಲ್ಲ. ಡ್ಯಾಶ್‌ಬೋರ್ಡು ಒಡೆದಿದ್ದರೆ ಫೈಬರ್‌ಗ್ಲಾಸಿನಲ್ಲಿ ಹೊಸದು ಮಾಡಬಹುದು: ಥರ್ಮೊಕೋಲಿನಲ್ಲಿ ಆಕಾರ ಕೆತ್ತಿ, ಮೇಲೆ ಅಗಲ ಟೇಪು ಸುತ್ತಿ, ಮ್ಯಾಟು ಮತ್ತು ರೆಸಿನ್ ಎರಡು ಮೂರು ಪದರ. ಟೇಪು ಮರೆತರೆ ಪಾಲಿಯೆಸ್ಟರ್ ರೆಸಿನ್ ಥರ್ಮೊಕೋಲನ್ನು ತಿಂದುಹಾಕುತ್ತದೆ. ಏಪ್ರಿಲ್ ಮಧ್ಯಾಹ್ನ ಕೂತರೆ ರೆಸಿನ್ ಡಬ್ಬದಲ್ಲೇ ಗಟ್ಟಿಯಾಗುತ್ತದೆ, ಬೆಳಿಗ್ಗೆ ಮಾಡಿ, ಸ್ವಲ್ಪ ಸ್ವಲ್ಪ ಕಲಸಿ. ಹಾರ್ಡನರ್ ಕಣ್ಣಿಗೆ ಹೋದರೆ ದೃಷ್ಟಿಗೇ ಕುತ್ತು, ಕನ್ನಡಕ ಹಾಕದೆ ಬಾಟಲಿ ತೆಗೆಯಬೇಡಿ.

ವೈರಿಂಗ್ ಕಮ್ಮಿ ಇರಲಿ. ಹಿಂದೆ ಒಂದು ಎಲ್‌ಇಡಿ, ಒಂದು ಸಣ್ಣ ಫ್ಯಾನು, ಫೋನ್ ಚಾರ್ಜರು. ಬ್ಯಾಟರಿಯಿಂದ ಹೊರಟ ಗೇಣಿನೊಳಗೆ ಫ್ಯೂಸ್ ಇರಬೇಕು. ಒಳಗೆ ಮಲಗುವಾಗ ಇಂಜಿನ್ ಓಡಬಾರದು, ಗ್ಯಾಸ್ ಸ್ಟೌ ಒಳಗೆ ಹಚ್ಚಬಾರದು. ಈ ಎರಡು ಮಾತು ಮನೆಯವರಿಗೂ ಹೇಳಿಡಿ.

ದುಡ್ಡಿನ ವಿಷಯಕ್ಕೆ ಒಂದೂವರೆ ಲಕ್ಷ ಸಾಕು, ತುಕ್ಕು ಆಳಕ್ಕೆ ಇಳಿದಿಲ್ಲ ಅಂದರೆ. ಅರ್ಧ ದುಡ್ಡು ಬಾಡಿ ಕೆಲಸಕ್ಕೆ, ಬ್ರೇಕಿಗೆ, ಟೈರಿಗೆ ಎತ್ತಿಡಿ. ಇಂಜಿನ್, ಶಾಕಪ್ಸು, ಒಳಗಿನ ಕೆಲಸ ಆಮೇಲೆ. ಬಣ್ಣ ಕಟ್ಟಕಡೆಗೆ, ದುಡ್ಡು ಉಳಿದರೆ. ಬಣ್ಣ ಬದಲಾಯಿಸಿದರೆ ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಹೇಳದೆ ಮಾಡಿದ್ದು ಕ್ಲೇಮ್ ಸಮಯದಲ್ಲಿ ಎದ್ದು ಬರುತ್ತದೆ.

ಈ ವಾರ ಏನೂ ಕೊಳ್ಳಬೇಡಿ. ಚಾಸಿ ನಂಬರ್ ಓದಲು ಬರುವಂತಿದೆಯಾ, ಆರ್‌ಸಿಗೆ ಹೊಂದುತ್ತದೆಯಾ ನೋಡಿ. ಒಳಗಿನ ಮ್ಯಾಟು ಎಲ್ಲ ತೆಗೆದು ಜಾರುವ ಬಾಗಿಲಿನ ಹಳಿ, ಸ್ಪ್ರಿಂಗ್ ಬ್ರಾಕೆಟ್ಟು, ಸೀಟ್ ಬೆಲ್ಟಿನ ಬುಡ ಈ ಮೂರರ ಫೋಟೋ ಹತ್ತಿರದಿಂದ ತೆಗೆದು ಕಳಿಸಿ. ತಗಡು ಎಷ್ಟು ತರಬೇಕು, ಎಲ್ಲಿಂದ ಕತ್ತರಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.